ಎಳೆ ಎಣಿಸುವ ವಿದ್ಯೆ

ಮಕರ ಸಂಕ್ರಾಂತಿಯ ಹಳದಿ-ಕುಂಕುಮದ ದಿನ ಮುಂಬಯಿಯ ಯಾವ ಕಟ್ಟಡದ ಮೆಟ್ಟಿಲ ಬಳಿ ನಿಂತರೂ ಕರಿಸೀರೆಗಳ ಸಾಲು ಕಣ್ಣಿಗೆ ಬೀಳುತ್ತದೆ. ಬೇರೆ ಹಬ್ಬಗಳಲ್ಲಿ ದೂರವಿಡುವ ಕಪ್ಪಿಗೆ ಮಹಾರಾಷ್ಟ್ರದಲ್ಲಿ ಅಂದು ಒಂದು ದಿನದ ಮರ್ಯಾದೆ. ಆ ಸಾಲಿನಲ್ಲಿ ಕೆಂಪು ದಡಿಯ, ಕೆಂಪು-ಬಿಳಿ ಸೆರಗಿನ ನೂಲಿನ ಸೀರೆಯೊಂದು ಇದ್ದೇ ಇರುತ್ತದೆ. ನಮ್ಮ ನೆರೆಮನೆಯ ಕಾಕೂ ಒಮ್ಮೆ ಅಂಥದೊಂದನ್ನು ಉಟ್ಟು ಬಂದು, "ಇದು ನಮ್ಮ ಅತ್ತೆಯವರ ಕಾಲದ ಇರಕಲ್" ಎಂದರು. "ಕಾಕೂ, ಅದು ಇಳಕಲ್ ರೀ. ನಮ್ಮ ಕಡೆಯ ಊರು" ಎಂದು ನಮ್ಮ ಮನೆಯಾಕೆ ತಿದ್ದಿದಳು. "ಇರಕಲ್ ಅಂದರೆ ಸೀರೆಯ ಜಾತಿ ಅಂದುಕೊಂಡಿದ್ದೆ, ಅದೊಂದು ಊರೇ!" ಎಂದು ಕಾಕೂ ಬೆರಗಾದರು. ಮರುಗಳಿಗೆಯಲ್ಲಿ ಅವರು ಕೇಳಿದ ಪ್ರಶ್ನೆ ಇದು: "ಸೀರೆ ಕಪ್ಪು, ಸೆರಗು ಅಚ್ಚ ಕೆಂಪು. ನಡುವೆ ಹೊಲಿಗೆ ಇಲ್ಲ. ಹೇಗೆ ನೇಯುತ್ತಾರೆ?"

ಊರಿನ ಹೆಸರು ತಿದ್ದಿದ ನಮ್ಮ ಬಳಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ. ಉತ್ತರ ಹುಡುಕುತ್ತ ಹೋದಂತೆ ಮತ್ತೊಂದು ಪ್ರಶ್ನೆ ಎದುರಾಯಿತು. ನೇಯ್ಗೆಯನ್ನು ನಮ್ಮ ದೇಶದಲ್ಲಿ ಯಾರು, ಯಾರಿಂದ, ಹೇಗೆ ಕಲಿತರು? ನೂರೈವತ್ತು ಇನ್ನೂರು ವರ್ಷಗಳ ಈ ಕಲಿಕೆಯ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲೂ, ನಾವು ಬಾಳುತ್ತಿರುವ ಈ ಮಹಾನಗರದ ಪಾಲೂ ಉಂಟು.

ಮನೆಯೇ ಪಾಠಶಾಲೆ

ಮೊದಲು ಕಾಕೂ ಅವರ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಬಟ್ಟೆಯಲ್ಲಿ ಉದ್ದಕ್ಕೆ ಹರಿಯುವ ಎಳೆಗಳು ಹಾಸು. ಅಡ್ಡಕ್ಕೆ ಲಾಳಿಯ ಜೊತೆ ಓಡಾಡುವ ಎಳೆ ಹೊಕ್ಕು. ಎರಡು ವಿಷಯಗಳು ಬಿಡಿಸಲಾಗದಂತೆ ಬೆರೆತಿದ್ದರೆ ಅವು "ಹಾಸುಹೊಕ್ಕಾಗಿವೆ" ಎನ್ನುತ್ತೇವಲ್ಲ, ಆ ಮಾತು ಮಗ್ಗದ ಮನೆಯಿಂದಲೇ ಬಂದದ್ದು. ಹಾಸು ಕಪ್ಪಾಗಿದ್ದು ಹೊಕ್ಕು ಮಾತ್ರ ಕೆಂಪಾದರೆ ಬಟ್ಟೆ ಅಚ್ಚ ಕೆಂಪಾಗುವುದಿಲ್ಲ. ಎರಡೂ ಬೆರೆತು ಮಬ್ಬಾಗುತ್ತದೆ. ಸೆರಗು ಅಚ್ಚ ಕೆಂಪಾಗಬೇಕಾದರೆ ಅಲ್ಲಿ ಹಾಸೂ ಕೆಂಪಾಗಿರಬೇಕು. ಅಂದರೆ ಕಪ್ಪು ಹಾಸು ಒಂದು ಗೆರೆಯಲ್ಲಿ ಮುಗಿದು, ಅಲ್ಲಿಂದಲೇ ಕೆಂಪು ಹಾಸು ಮೊದಲಾಗಬೇಕು.

ಇಳಕಲ್ಲಿನ ನೇಕಾರರು ಇದನ್ನು ಸಾಧಿಸಿದ್ದು ಕೊಂಡಿಯಿಂದ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆ ಇಲ್ಲವೆ ಕೃತಕ ರೇಷ್ಮೆಯದು, ದಡಿಯ ಹಾಸು ಬೇರೆಯದೇ. ಒಡಲಿನ ಎಳೆಯ ತುದಿಯ ಕುಣಿಕೆಗೆ ಸೆರಗಿನ ಎಳೆಯ ಕುಣಿಕೆಯನ್ನು ತೊಡಕಿಸಿ, ಎಳೆಗೆ ಎಳೆ ಜೋಡಿಸುತ್ತ ಹೋಗುತ್ತಾರೆ. ಇದಕ್ಕೆ ತೋಪು ತೆನಿ ಎಂದು ಹೆಸರು. ದಡಿಯನ್ನು ಬಿಟ್ಟು ಒಡಲಿನ ಅಗಲ 40 ಅಂಗುಲ, ಅಂಗುಲಕ್ಕೆ 60 ಎಳೆ ಎಂದು ಲೆಕ್ಕಕ್ಕಾಗಿ ಹಿಡಿದರೂ 2,400 ಎಳೆಗಳಾದವು. ಅಷ್ಟನ್ನೂ ಕೈಯಿಂದಲೇ ಜೋಡಿಸಬೇಕು. ಇಷ್ಟು ಮಾಡಿದರೆ ಒಂದು ಸೀರೆಗಾಯಿತು. ತೋಪು ತೆನಿ ಬೇಡವೆಂದರೆ ಹದಿನಾರು, ಇಪ್ಪತ್ತೆರಡು ಗಜದ ಉದ್ದನೆಯ ಹಾಸನ್ನು ಒಮ್ಮೆಲೇ ಹೂಡಿ ಸೀರೆಯ ಮೇಲೆ ಸೀರೆ ನೇಯಬಹುದು; ಬೇಕೆಂದರೆ ಆರು, ಎಂಟು ಅಥವಾ ಒಂಬತ್ತು ಗಜಕ್ಕೆ, ಅಂದರೆ ಸೀರೆಗೊಂದರಂತೆ, ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ ಇರುವ ಆ ಸೆರಗಿನ ಹಿಂದೆ ಇಷ್ಟು ದುಡಿಮೆಯಿದೆ. ಸೆರಗಿನ ಮೊನಚು ಆಕೃತಿಗಳನ್ನು ಕೋಟೆಯ ತೆನೆಗೂ ಬಾಚಣಿಗೆಯ ಹಲ್ಲಿಗೂ ಜೋಳದ ತೆನೆಗೂ ಹೋಲಿಸುವುದುಂಟು. ದಡಿಗಳಿಗೂ ಗೋಮಿ, ಪರಾಸಪೇಟ, ಗಾಡಿ ಎಂದು ಬೇರೆ ಬೇರೆ ಹೆಸರುಗಳಿವೆ.

ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಚಿತ್ರಕಾರನು ಬಟ್ಟೆಯ ಮೇಲೆ ಬರೆಯುವಂತೆ ನೇಕಾರನು ಬರೆಯಲಾರ. ಅವನ ಚಿತ್ರ ಬಟ್ಟೆ ಹುಟ್ಟುವ ಮೊದಲೇ ಹಾಸಿನ ಎಣಿಕೆಯಲ್ಲಿ ಹುಟ್ಟಿರುತ್ತದೆ. ಎಷ್ಟನೆಯ ಎಳೆ ಮೇಲೇಳಬೇಕು, ಎಷ್ಟನೆಯದು ಕೆಳಗಿಳಿಯಬೇಕು, ಯಾವ ಬಣ್ಣ ಎಲ್ಲಿಗೆ ಮುಗಿಯಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಬೇಕು. ಒಂದು ಎಳೆ ತಪ್ಪಿದರೆ ಆ ತಪ್ಪು ಸೀರೆಯ ಉದ್ದಕ್ಕೂ ಹರಿಯುತ್ತದೆ. ನೇಯ್ಗೆಯಲ್ಲಿ ವಿನ್ಯಾಸವೆಂದರೆ ಮುಖ್ಯವಾಗಿ ಲೆಕ್ಕ. ಇದೇ ಸೀರೆಯ ಮೇಲೆ ಧಾರವಾಡದ ಕಡೆಯ ಹೆಂಗಸರು ತೆಗೆಯುವ ಕಸೂತಿಯೂ ಎಳೆ ಎಣಿಸಿ ಮಾಡುವ ಕೆಲಸವೇ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಗಂಟು ಹಾಕದೆ, ಗೋಪುರ, ತೇರು, ತುಳಸಿಕಟ್ಟೆಗಳನ್ನು ತೆಗೆಯುತ್ತಾರೆ. ಗವಂತಿ, ಮುರ್ಗಿ, ಮೆಂತೆ ಎಂಬ ಹೊಲಿಗೆಗಳ ಜೊತೆಗೆ ನೇಗಿ ಎಂಬ ಹೊಲಿಗೆಯೂ ಅದರಲ್ಲಿ ಸೇರಿದೆ. ಅದು ನೇಯ್ಗೆಯ ಹೆಸರನ್ನೇ ಹೊತ್ತದ್ದು.

ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟವರಿಲ್ಲ. ಮನೆಯೇ ಪಾಠಶಾಲೆಯಾಗಿತ್ತು. ಮಗು ಮೊದಲು ಕಂಡಿಕೆ ಸುತ್ತಲು ಕಲಿಯುತ್ತಿತ್ತು. ಆಮೇಲೆ ಹರಿದ ಎಳೆ ಕೂಡಿಸಲು. ಆಮೇಲೆ ಗಂಜಿ ಹಾಕಿದ ಹಾಸನ್ನು ಹಿರಿಯರೊಡನೆ ಹಿಡಿದು ನಿಲ್ಲಲು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂಡುವ ಯೋಗ್ಯತೆ ಬರುವಷ್ಟರಲ್ಲಿ ಕಿವಿಯೇ ಅರ್ಧ ವಿದ್ಯೆ ಕಲಿತಿರುತ್ತಿತ್ತು. ಮಗ್ಗದ ಸದ್ದು ಬದಲಾದರೆ ಎಲ್ಲೋ ಎಳೆ ಹರಿದಿದೆ ಎಂದು ಅಡಿಗೆಮನೆಯಲ್ಲಿದ್ದವರಿಗೂ ತಿಳಿಯುತ್ತಿತ್ತು. ಮಗ್ಗವನ್ನು ನೆಲದೊಳಗೆ ಹೂಡಿದ್ದಕ್ಕೂ ಕಾರಣವಿತ್ತು. ಮಣ್ಣಿನ ತಂಪು ನೂಲನ್ನು ಒಣಗಗೊಡದೆ ಹರಿಯದಂತೆ ಕಾಪಾಡುತ್ತಿತ್ತು. ಕೆಲಸದ ಅರ್ಧಕ್ಕಿಂತ ಹೆಚ್ಚು ಭಾರ ಹೊತ್ತವರು ಹೆಂಗಸರು. ಆದರೆ ನೇಕಾರ ಎಂಬ ಹೆಸರು ಬಹುಕಾಲ ಗಂಡಸಿಗೇ ಮೀಸಲಾಗಿತ್ತು.

ಈ ಮನೆಯ ವಿದ್ಯೆಗೆ ನಮ್ಮ ಸಾಹಿತ್ಯದಲ್ಲಿ ಎತ್ತರದ ಸ್ಥಾನವಿದೆ. ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯ ವೃತ್ತಿಯಿಂದ ನೇಕಾರ. ಮುದನೂರಿನ ರಾಮನಾಥ ಅವನ ಅಂಕಿತ. ಆದರೆ ಮನೆಯ ಶಾಲೆಗೆ ಗೋಡೆಯೂ ಇತ್ತು ಎಂಬುದನ್ನು ಮರೆಯಬಾರದು. ಜಾತಿಯ ಹೊರಗಿನವರಿಗೆ ಅದರ ಬಾಗಿಲು ತೆರೆಯುತ್ತಿರಲಿಲ್ಲ. ಒಳಗಿನವರಿಗೂ ಬೇರೆ ದಾರಿ ಇರಲಿಲ್ಲ.

ಹದಿನೆಂಟು ಸಂಪುಟಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗೋಡೆ ಹಲವು ಕಡೆಯಿಂದ ಒಡೆಯಿತು. ಲ್ಯಾಂಕಾಶೈರಿನ ಗಿರಣಿ ಬಟ್ಟೆ ಬಂದು ನಮ್ಮ ಮಗ್ಗಗಳ ಕೆಲಸ ಕಸಿದುಕೊಂಡ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಗಿರಣಿಗಳವರು ನಮ್ಮ ವಿನ್ಯಾಸವನ್ನು ಕಲಿಯಲು ಹೊರಟ ಬಗೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನಲ್ಲಿದ್ದ ಜಾನ್ ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿ 1866ರಲ್ಲಿ ಭಾರತದ ಬಟ್ಟೆಗಳ 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಹೊರತಂದನು. ಧೋತರ, ಪಾಗು, ಸೀರೆಗಳಿಂದ ಕತ್ತರಿಸಿ ತೆಗೆದ ನಿಜವಾದ ತುಂಡುಗಳು ಅವು. ಅಂಥ 20 ಪ್ರತಿಗಳು ಸಿದ್ಧವಾದವು. 13 ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು. ಭಾರತೀಯರು ಏನನ್ನು ಉಡುತ್ತಾರೆ, ಹೇಗೆ ಉಡುತ್ತಾರೆ ಎಂದು ತಿಳಿದರೆ ಮ್ಯಾಂಚೆಸ್ಟರಿನವರು ಅವರಿಗೆ ಒಪ್ಪುವ ಬಟ್ಟೆ ಮಾಡಿ ಮಾರಬಹುದು ಎಂಬುದು ಉದ್ದೇಶ.

ವಾಟ್ಸನ್ನನ ಶ್ರಮವನ್ನು ನಾವು ಹೀಗಳೆಯುವುದಿಲ್ಲ. ನಮ್ಮ ಹಳೆಯ ಬಟ್ಟೆಗಳ ಅಷ್ಟು ದೊಡ್ಡ ಸಂಗ್ರಹ ಆ ಕಾಲದಿಂದ ಉಳಿದು ಬಂದದ್ದು ಅವನಿಂದ. ಆದರೆ ಆ ಸಂಪುಟಗಳಲ್ಲಿ ತುಂಡಿನ ಅಳತೆ, ತೂಕ, ಊರು ಸಿಕ್ಕುತ್ತವೆಯೇ ಹೊರತು ನೇಯ್ದ ಕೈ ಸಿಕ್ಕುವುದಿಲ್ಲ. ವಿನ್ಯಾಸ ಒಂದು ಕಡೆ, ನೇಕಾರ ಒಂದು ಕಡೆ ಎಂಬ ಬೇರ್ಪಾಟು ಆಗಲೇ ಮೊದಲಾಯಿತು ಎಂದು ನಮಗೆ ತೋರುತ್ತದೆ. ಮುಂಬಯಿಯಲ್ಲಿಯೂ ಇದೇ ಗಾಳಿ ಬೀಸಿತು. 1854ರಲ್ಲಿ ಕಾವಸ್‌ಜಿ ದಾವರ್ ಇಲ್ಲಿ ಮೊದಲ ಹತ್ತಿ ಗಿರಣಿಗೆ ಅಡಿಗಲ್ಲು ಹಾಕಿದರು. 1887ರಲ್ಲಿ ಹುಟ್ಟಿದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬಟ್ಟೆ ತಯಾರಿಕೆಯನ್ನು ಕಲಿಸಿದ್ದು ಗಿರಣಿಗಳ ಅಗತ್ಯಕ್ಕಾಗಿ. ಕೈಮಗ್ಗದವನಿಗೆ ಅಲ್ಲಿ ಪಾಠವಿರಲಿಲ್ಲ.

ಮಂಗಳೂರಿನ ಮಗ್ಗದ ಮನೆ

ಕೈಮಗ್ಗವನ್ನೇ ಶಾಲೆಯಂತೆ ಕಲಿಸಿದ ಮೊದಲಿಗರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರನ್ನು ಎಣಿಸಬೇಕು. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನವರಿಗೆ ಬೇಗನೆ ಒಂದು ತೊಡಕು ಎದುರಾಯಿತು. ಮತಾಂತರಗೊಂಡವರು ಜಾತಿಯ ಜೊತೆಗೆ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಕೆಲಸ ಕಲಿಸುವ ಸಲುವಾಗಿ 1844ರಲ್ಲಿ ನೇಯ್ಗೆ ಆರಂಭವಾಯಿತು. 1851ರಲ್ಲಿ ಯೂರೋಪಿನಿಂದ ಜಾನ್ ಹಾಲರ್ ಎಂಬ ನುರಿತ ನೇಕಾರ ಬಂದ ಮೇಲೆ ಅದು ದೊಡ್ಡ ಉದ್ಯಮವಾಗಿ, ಕಣ್ಣೂರು, ಕಲ್ಲಿಕೋಟೆಗಳಿಗೂ ಹಬ್ಬಿತು.

ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದಿದ್ದ ಹಾರುಲಾಳಿಯನ್ನು ಪಶ್ಚಿಮ ಕರಾವಳಿಯಲ್ಲಿ ಹರಡಿದ ಶ್ರೇಯಸ್ಸು ಈ ಮಗ್ಗದ ಮನೆಗಳಿಗೆ ಸಲ್ಲುತ್ತದೆ. ಹಳೆಯ ಮಗ್ಗದಲ್ಲಿ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಿಂದ ಹಿಡಿಯಬೇಕು. ಕೈ ನಿಲುಕುವಷ್ಟೇ ಬಟ್ಟೆಯ ಅಗಲ. ಹಾರುಲಾಳಿಯಲ್ಲಿ ಹಗ್ಗವೊಂದನ್ನು ಜಗ್ಗಿದರೆ ಲಾಳಿ ತಾನೇ ಅತ್ತಿಂದಿತ್ತ ಹಾಯುತ್ತದೆ. ಒಂದು ಕೈ ಬಿಡುವಾಗುತ್ತದೆ. ಬಟ್ಟೆ ಅಗಲವೂ ಆಗುತ್ತದೆ, ಬೇಗನೆಯೂ ಆಗುತ್ತದೆ. ಖಾಕಿ ಬಣ್ಣದ ಬಟ್ಟೆಯನ್ನು ಗೇರಿನ ರಸದಿಂದ ಮೊದಲು ತಯಾರಿಸಿದವನು ಹಾಲರ್ ಎಂಬ ಮಾತು ಕರಾವಳಿಯಲ್ಲಿ ಪ್ರಚಲಿತವಾಗಿದೆ. ವಾಯವ್ಯ ಗಡಿಯ ಗೈಡ್ಸ್ ದಳದವರು ಹಾಲರ್ ಬರುವ ಮುನ್ನವೇ ಮಣ್ಣು ಬಣ್ಣದ ಉಡುಪು ತೊಟ್ಟಿದ್ದರಾದ್ದರಿಂದ "ಮೊದಲು" ಎಂಬ ಮಾತನ್ನು ಬಿಟ್ಟು, ಮಂಗಳೂರಿನ ಖಾಕಿ ಬಲು ಹೆಸರು ಮಾಡಿತು ಎಂದರೆ ಸಾಕು.

ಈ ಶಾಲೆ ಜಾತಿಯ ಬಾಗಿಲನ್ನು ತೆರೆಯಿತು. ನೇಕಾರರ ಮಕ್ಕಳಲ್ಲದವರೂ ನೇಯ್ಗೆ ಕಲಿಯಬಹುದು ಎಂದು ತೋರಿಸಿಕೊಟ್ಟಿತು. ಆದರೆ ಕಲಿತವನು ತನ್ನ ಮಗ್ಗಕ್ಕೆ ತಾನೇ ಯಜಮಾನನಾಗಲಿಲ್ಲ. ಗಂಟೆ ಬಾರಿಸಿದರೆ ಬಂದು, ಗಂಟೆ ಬಾರಿಸಿದರೆ ಹೋಗುವ ಕಾರ್ಖಾನೆಯ ಕೆಲಸಗಾರನಾದನು. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಪೂರ್ತಿ ಕಲಿಸದ ಗುರು

ಸುಮಾರು ಅದೇ ಸಮಯಕ್ಕೆ ಅಹಮದಾಬಾದಿನಲ್ಲಿ ಮತ್ತೊಂದು ಬಗೆಯ ಶಾಲೆ ತಲೆಯೆತ್ತುತ್ತಿತ್ತು. ಗಾಂಧೀಜಿ 1909ರ "ಹಿಂದ್ ಸ್ವರಾಜ್"ದಲ್ಲಿ ಕೈಮಗ್ಗದ ಮಾತೆತ್ತಿದಾಗ ಮಗ್ಗವನ್ನಾಗಲಿ ಚರಕವನ್ನಾಗಲಿ ಕಂಡ ನೆನಪೇ ಅವರಿಗಿರಲಿಲ್ಲ. ಇದನ್ನು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 1915ರಲ್ಲಿ ಸತ್ಯಾಗ್ರಹ ಆಶ್ರಮ ಸ್ಥಾಪನೆಯಾದ ಮೇಲೆ ಅಲ್ಲಿಗೆ ಕೆಲವು ಕೈಮಗ್ಗಗಳು ಬಂದವು. ಮಗ್ಗ ಬಂದರೇನು, ಕೂಡುವವರು ಬೇಕಲ್ಲ! ಆಶ್ರಮವಾಸಿಗಳೆಲ್ಲ ಓದುಬರಹದವರು ಇಲ್ಲವೆ ವ್ಯಾಪಾರಸ್ಥರು. ಕೈಕಸುಬಿನವರು ಒಬ್ಬರೂ ಇರಲಿಲ್ಲ. ಕೊನೆಗೆ ಪಾಲನ್‌ಪುರದಿಂದ ಒಬ್ಬ ನೇಕಾರನನ್ನು ಕರೆಸಿದರು. ಆತ ಕಲಿಸಿದನು, ಆದರೆ ಪೂರ್ತಿ ಕಲಿಸಲಿಲ್ಲ.

ಈ ಪ್ರಸಂಗವನ್ನು ಓದುವಾಗ ನಾವು ಆಶ್ರಮದ ಪಕ್ಷ ವಹಿಸುವುದು ಸಹಜ. ಆದರೆ ಆ ನೇಕಾರನ ಕಡೆಯಿಂದಲೂ ನೋಡಬೇಕು. ಹೊಲವಿಲ್ಲದ, ಹಣವಿಲ್ಲದ ಮನುಷ್ಯನಿಗೆ ಬೆರಳಿನ ವಿದ್ಯೆಯೇ ಆಸ್ತಿ. ಅದನ್ನು ಸುಶಿಕ್ಷಿತರಾದ ಹತ್ತು ಜನಕ್ಕೆ ಹಂಚಿ ಬರಿಗೈಯಲ್ಲಿ ಊರಿಗೆ ಮರಳಬೇಕಾಗಿದ್ದರೆ, ನಾವಾಗಿದ್ದರೂ ಒಂದೆರಡು ಗುಟ್ಟುಗಳನ್ನು ಉಳಿಸಿಕೊಳ್ಳುತ್ತಿದ್ದೆವೋ ಏನೋ! ತಲೆಮಾರುಗಳ ಕಾಲ ಅವನಂಥವರಿಂದ ಮಾದರಿ ತೆಗೆದುಕೊಂಡವರು ಪ್ರತಿಯಾಗಿ ಏನನ್ನು ಕೊಟ್ಟಿದ್ದರು?

ಮಗನ್‌ಲಾಲ್ ಗಾಂಧಿ ಮಾತ್ರ ಸೋಲೊಪ್ಪಿಕೊಳ್ಳಲಿಲ್ಲ. ಯಂತ್ರಗಳ ಮರ್ಮ ತಿಳಿಯುವ ಸಹಜ ಬುದ್ಧಿ ಅವರಿಗಿತ್ತು. ನೇಕಾರ ಬಿಟ್ಟ ಜಾಗವನ್ನು ಸ್ವಂತ ಪ್ರಯೋಗದಿಂದ ತುಂಬಿಕೊಂಡು, ತಾವು ಕಲಿತದ್ದನ್ನು ಒಬ್ಬೊಬ್ಬರಿಗೆ ಕಲಿಸಿ, ಆಶ್ರಮದಲ್ಲಿಯೇ ಹೊಸ ನೇಕಾರರನ್ನು ತಯಾರುಮಾಡಿದರು. ನೂಲಿಗಾಗಿ ಚರಕ ಬೇಕಾದಾಗ ಗಂಗಾಬೆನ್ ಮಜುಂದಾರ್ ಎಂಬ ಮಹಿಳೆ ಊರೂರು ಹುಡುಕಿ, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ, ಅಟ್ಟ ಸೇರಿದ್ದ ರಾಟೆಗಳನ್ನು ಪತ್ತೆಹಚ್ಚಿದರು. ಮೊದಲು ನೇಯ್ದ ಖಾದಿಯ ಅಗಲ ಬರೀ 30 ಅಂಗುಲ. ಗಜಕ್ಕೆ 17 ಆಣೆ ಬಿತ್ತು. ತಿಂಗಳೊಳಗೆ 45 ಅಂಗುಲದ ಧೋತರ ಒದಗದಿದ್ದರೆ ಗಿಡ್ಡ ಧೋತರವನ್ನೇ ಉಡುವೆನೆಂದು ಗಾಂಧೀಜಿ ಗಂಗಾಬೆನ್‌ರಿಗೆ ಎಚ್ಚರಿಕೆ ಕೊಟ್ಟರು. ಆಕೆ ಹಟದಿಂದ ಒದಗಿಸಿದರು. ಆ ಚರಕದ ಸದ್ದು ಮುಂಬಯಿಗೂ ಬಂತು. ಗಾಮದೇವಿಯ ಮಣಿಭವನದಲ್ಲಿ ಕಾಯಿಲೆ ಮಲಗಿದ್ದಾಗ ತಮ್ಮ ಕೋಣೆಯಲ್ಲಿ ಅದು ಗುಂಯ್‌ಗುಡುತ್ತಿತ್ತೆಂದು ಗಾಂಧೀಜಿ ಬರೆದಿದ್ದಾರೆ. 1922ರಲ್ಲಿ ಬಂಧಿತರಾಗಿ ನ್ಯಾಯಾಲಯದಲ್ಲಿ ನಿಂತಾಗ ತಮ್ಮ ಉದ್ಯೋಗ ಒಕ್ಕಲುತನ ಮತ್ತು ನೇಯ್ಗೆ ಎಂದು ಆ ಬ್ಯಾರಿಸ್ಟರರು ಹೇಳಿಕೊಂಡರು. ಹೆಸರೆತ್ತದೆ ಕೀಳಾಗಿ ಕಂಡ ಕಸುಬಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಸಂದಿರಲಾರದು. ಮಗನ್‌ಲಾಲರು 1928ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ವಿದ್ಯೆ ಆಶ್ರಮದ ಹೊರಗೂ ಹಬ್ಬಿತ್ತು.

ಕುಂಚ ಹಿಡಿದವರು ಮಗ್ಗದ ಬಳಿಗೆ

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೇ ಗುರುವಾಯಿತು. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯೂ, ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯೂ ಏರ್ಪಟ್ಟವು. ಪುಪುಲ್ ಜಯಕರ್ ಅವರ ಮುಂದಾಳುತನದಲ್ಲಿ 1956ರಲ್ಲಿ ಮುಂಬಯಿಯಲ್ಲಿ ನೇಕಾರರ ಸೇವಾ ಕೇಂದ್ರ ತೆರೆಯಿತು. ಮದರಾಸು ಮೊದಲಾದೆಡೆಯೂ ಕೇಂದ್ರಗಳು ಬಂದವು. ಈ ಕೇಂದ್ರಗಳ ವಿಶೇಷವೆಂದರೆ ಚಿತ್ರಕಲಾವಿದರನ್ನು ನೇಮಿಸಿಕೊಂಡು ಮಗ್ಗದವರ ಪಕ್ಕದಲ್ಲಿ ಕೂಡಿಸಿದ್ದು. ಕೆ. ಜಿ. ಸುಬ್ರಮಣ್ಯನ್ 1959ರಿಂದ 1961ರವರೆಗೆ ಮುಂಬಯಿಯಲ್ಲಿ ಕೈಮಗ್ಗ ಮಂಡಳಿಯ ವಿನ್ಯಾಸ ವಿಭಾಗದ ಉಪನಿರ್ದೇಶಕರಾಗಿದ್ದರು. ಪ್ರಭಾಕರ ಬರ್ವೆ 1961ರಲ್ಲಿ ಸೇರಿ ಮೊದಲು ಕಾಶಿಯಲ್ಲಿ, ಆಮೇಲೆ ಮುಂಬಯಿಯಲ್ಲಿ ಸುಮಾರು ಎರಡು ದಶಕ ದುಡಿದರು.

ಕಲಾವಿದ ಬರೆದ ಚಿತ್ರವನ್ನು ಚೌಕುಳಿ ಕಾಗದಕ್ಕೆ ಇಳಿಸುತ್ತಾರೆ. ಒಂದೊಂದು ಚೌಕವೂ ಒಂದು ಹಾಸಿನ ಎಳೆ ಒಂದು ಹೊಕ್ಕಿನ ಎಳೆಯನ್ನು ಹಾಯುವ ಜಾಗ. ತುಂಬಿದ ಚೌಕವಾದರೆ ಹಾಸು ಮೇಲೆ, ಖಾಲಿಯಾದರೆ ಕೆಳಗೆ. ಕುಂಚದ ಬಳುಕುವ ಗೆರೆ ಇಲ್ಲಿ ಮೆಟ್ಟಿಲುಮೆಟ್ಟಿಲಾಗಿ ಒಡೆಯುತ್ತದೆ. ಗೆರೆಯನ್ನು ಉಳಿಸಿಕೊಳ್ಳಲು ಎಳೆಯನ್ನು ಸಣ್ಣದು ಮಾಡಬೇಕೋ, ಚಿತ್ರವನ್ನೇ ಬದಲಿಸಬೇಕೋ ಎಂಬುದು ಕಾಗದ ನೋಡಿದರೆ ತಿಳಿಯದು. ಮಗ್ಗದಲ್ಲಿ ಕೂತವನೇ ಹೇಳಬೇಕು. ಕಲಾವಿದರು ನೇಕಾರರಿಂದ ಕಲಿತದ್ದು ಇಲ್ಲಿ. ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1968ರಲ್ಲಿ ಫಿನ್‌ಲೆಂಡಿನಿಂದ ಬಂದ ಹೆಲೆನಾ ಪೆರ್‌ಹೀನ್‌ತುಪಾ ಅಲ್ಲಿನ ಜವಳಿ ವಿನ್ಯಾಸದ ಪಾಠಕ್ರಮವನ್ನು ಕಟ್ಟಿ ಬೆಳೆಸಿದರು.

ಈ ಎಲ್ಲದರಿಂದ ಕೈಮಗ್ಗಕ್ಕೆ ಉಪಕಾರವಾಯಿತು ಎಂಬುದು ನಿರ್ವಿವಾದ. ಅಳಿಯುತ್ತಿದ್ದ ಹಳೆಯ ಮಾದರಿಗಳು ದಾಖಲಾದವು; ಪಕ್ಕಾ ಬಣ್ಣಗಳ ತಿಳಿವಳಿಕೆ ಊರೂರಿಗೆ ಮುಟ್ಟಿತು. ಆದರೂ ಹಳೆಯ ಬೇರ್ಪಾಟು ಹೊಸ ರೂಪದಲ್ಲಿ ಉಳಿಯಿತು. ವಿನ್ಯಾಸಕ್ಕೊಂದು ಹೆಸರು, ಪದವಿ, ಸಂಬಳ. ನೇಯ್ದವನಿಗೆ ಸೀರೆಗಿಷ್ಟು ಎಂಬ ಕೂಲಿ. ಕಾಲೇಜಿನವರು ಊರಿಗೆ ಬಂದು ಚಿತ್ರ ಕೊಟ್ಟು ಹೋದರೆ ಆ ಒಂದು ಸರಕು ಮುಗಿಯುವ ತನಕ ಕೆಲಸ; ಆಮೇಲೆ ಮತ್ತೆ ಯಾರಾದರೂ ಬರುವ ತನಕ ದಾರಿ ಕಾಯಬೇಕು.

ಭುಜೋಡಿಯಿಂದ ಬಾಗಲಕೋಟೆಗೆ

ಈ ಗಂಟನ್ನು ಬಿಚ್ಚುವ ಒಂದು ಪ್ರಯತ್ನ ಕಚ್ಛದಲ್ಲಿ ನಡೆಯಿತು. 2005ರಲ್ಲಿ ಕಲಾ ರಕ್ಷಾ ವಿದ್ಯಾಲಯ, 2014ರಲ್ಲಿ ಸೋಮಯ್ಯ ಕಲಾ ವಿದ್ಯಾ ಎಂಬ ಶಾಲೆಗಳು ಅಲ್ಲಿ ಆರಂಭವಾದವು. ವಿನ್ಯಾಸಕಾರರನ್ನು ನೇಕಾರರ ಬಳಿಗೆ ಕಳುಹಿಸುವ ಬದಲು ನೇಕಾರರಿಗೇ, ಬಣ್ಣದವರಿಗೇ ವಿನ್ಯಾಸ ಕಲಿಸುವುದು ಇವುಗಳ ಗುರಿ. ಕಸುಬು ಗೊತ್ತಿದ್ದವನಿಗೆ ಕಸುಬು ಕಲಿಸುವ ಅಗತ್ಯವಿಲ್ಲ. ತನ್ನ ಪರಂಪರೆಯನ್ನು ದೂರದಿಂದ ನೋಡುವುದು, ಬಣ್ಣ ಆರಿಸುವುದು, ಕೊಳ್ಳುವವರನ್ನು ಅರಿಯುವುದು, ಬೆಲೆ ಕಟ್ಟುವುದು ಇವನ್ನು ಕಲಿಸಿದರೆ ಆಯಿತು.

ನಮಗೆ ಸಂತೋಷ ಕೊಡುವ ಸಂಗತಿ ಮುಂದಿದೆ. ಮುಂಬಯಿಯ ಸೋಮಯ್ಯ ಮನೆತನದವರ ಸಕ್ಕರೆ ಕಾರ್ಖಾನೆ ಇರುವುದು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ. ಇಳಕಲ್ಲೂ 1997ರಿಂದ ಇದೇ ಜಿಲ್ಲೆಗೆ ಸೇರಿದೆ, ಅದಕ್ಕೂ ಮುಂಚೆ ವಿಜಾಪುರ ಜಿಲ್ಲೆಗೆ ಸೇರಿತ್ತು. ಈ ನಂಟಿನಿಂದ "ಭುಜೋಡಿಯಿಂದ ಬಾಗಲಕೋಟೆಗೆ" ಎಂಬ ಕಾರ್ಯಕ್ರಮ ನಡೆದು, ಕಚ್ಛದ ಭುಜೋಡಿಯಲ್ಲಿ ಈ ವಿದ್ಯೆ ಕಲಿತ ನೇಕಾರರು ಬಾಗಲಕೋಟೆ ಸೀಮೆಯ ನೇಕಾರರಿಗೆ ಪಾಠ ಹೇಳಿದರು. ಕನ್ನಡ ಬಾರದ ಗುರು, ಗುಜರಾತಿ ಬಾರದ ಶಿಷ್ಯ; ನಡುವೆ ಇಬ್ಬರಿಗೂ ಗೊತ್ತಿದ್ದ ಭಾಷೆ ಹಾಸು ಮತ್ತು ಹೊಕ್ಕು. ನೇಕಾರನೇ ನೇಕಾರನಿಗೆ ಗುರುವಾದನು. ಪಾಲನ್‌ಪುರದ ಆ ಗುರು ಬಚ್ಚಿಟ್ಟದ್ದನ್ನು ಇವರು ಬಚ್ಚಿಡಬೇಕಾಗಲಿಲ್ಲ, ಏಕೆಂದರೆ ಕಲಿಸುವುದರಿಂದ ಇವರ ಕೈ ಬರಿದಾಗುತ್ತಿರಲಿಲ್ಲ.

ಕರಾವಳಿಯ ಉದಾಹರಣೆಯನ್ನೂ ಹೇಳಬೇಕು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ 2018ರ ಹೊತ್ತಿಗೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಅದನ್ನು ನೇಯುವವರು ಬೆರಳೆಣಿಕೆಯಷ್ಟು, ಅವರೂ ಇಳಿವಯಸ್ಸಿನವರು. ಮುದ್ರೆ ಒತ್ತಿದ ಮಾತ್ರಕ್ಕೆ ಕೈ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕದಿಕೆ ಟ್ರಸ್ಟಿನವರು ಮುಂದೆ ಬಂದು, ಸೀರೆಗೆ ಮಾರುಕಟ್ಟೆ ಹುಡುಕಿ, ನೇಕಾರರ ಗಳಿಕೆ ಹೆಚ್ಚಿದ ಮೇಲೆ ಮಗ್ಗ ಬಿಟ್ಟು ಹೋಗಿದ್ದವರು ಮರಳಿದರು. ಹೊಸಬರಿಗೆ ತರಬೇತಿಯೂ ನಡೆಯಿತು. ಇಲ್ಲಿಯ ಕ್ರಮವನ್ನು ಗಮನಿಸಬೇಕು. ಮೊದಲು ಗಳಿಕೆ, ಆಮೇಲೆ ಶಾಲೆ.

ದೇಶದ ಅಂಕಿಗಳೂ ಇದನ್ನೇ ಹೇಳುತ್ತವೆ. 2009-10ರ ಕೈಮಗ್ಗ ಗಣತಿಯಲ್ಲಿ ನೇಕಾರರು, ಪೂರಕ ಕೆಲಸದವರು ಸೇರಿ 43.31 ಲಕ್ಷ ಜನರಿದ್ದರು. 2019-20ರ ಗಣತಿಯಲ್ಲಿ 35.22 ಲಕ್ಷ. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಜನ ಕಡಿಮೆಯಾದರು. ಉಳಿದವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಹೆಂಗಸರು. ಆಗಸ್ಟ್ 7ನ್ನು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತಿದ್ದೇವೆ. ಕೈಮಗ್ಗ ಮಂಡಳಿಯನ್ನು ಕೇಂದ್ರ ಸರ್ಕಾರ 2020ರಲ್ಲಿ ರದ್ದುಮಾಡಿತು. ಮಗನನ್ನು ಮಗ್ಗಕ್ಕೆ ಕೂಡಿಸದೆ ಬೆಂಗಳೂರಿಗೋ ಪುಣೆಗೋ ಕಳುಹಿಸುವ ತಂದೆಯನ್ನು ನಾವು ದೂರುವ ಹಾಗಿಲ್ಲ. ನಾವೆಲ್ಲ ಈ ಊರಿಗೆ ಬಂದದ್ದೂ ಹಾಗೆಯೇ ಅಲ್ಲವೆ?

ಹಾಗಾದರೆ ನಮ್ಮಂಥವರ ಪಾತ್ರವೇನು? ನಾವು ಮಗ್ಗದಲ್ಲಿ ಕೂಡಲಾರೆವು. ಆದರೆ ನೋಡಲು ಕಲಿಯಬಹುದು. ನೇಯ್ಗೆಯ ವಿದ್ಯೆಯಲ್ಲಿ ಕೊಳ್ಳುವವರಿಗೂ ಒಂದು ಪಾಠವಿದೆ. ಇಳಕಲ್ ಸೀರೆ ಎಂದು ಅಂಗಡಿಯಾತ ಮುಂದೆ ಹರಡಿದಾಗ ಸೆರಗು ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕೊಂಡಿಗೆ ಕೊಂಡಿ ತೊಡಕಿಸಿದ ಸಾಲು ಕಂಡರೆ, ಸೆರಗಿನ ಕೆಂಪು ಎರಡೂ ಎಳೆಗಳಲ್ಲಿ ಅಚ್ಚುಕಟ್ಟಾಗಿದ್ದರೆ, ಯಾರದೋ ಮನೆಯ ಹೆಂಗಸು ಕೂತು ಸಾವಿರಾರು ಬಾರಿ ಬೆರಳಾಡಿಸಿದ್ದಾಳೆ ಎಂದು ತಿಳಿಯಬೇಕು. ಒಡಲಿನ ಬಣ್ಣ ಸೆರಗಿನೊಳಗೂ ಇಣುಕುತ್ತಿದ್ದರೆ ಅಲ್ಲಿ ತೋಪು ತೆನಿಯ ಜೋಡಣೆಯಿಲ್ಲ. ಯಂತ್ರಮಗ್ಗದ ಸೀರೆಯನ್ನು ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಅದನ್ನೂ ನೇಯುವವರು ಬಡವರೇ. ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ಬೆಲೆ ತೆತ್ತು ಮೋಸಹೋಗಬಾರದು, ಕೊಂಡಿಯ ಸೀರೆಗೆ ಚೌಕಾಶಿ ಮಾಡಬಾರದು ಎನ್ನುತ್ತೇವೆ, ಅಷ್ಟೆ.

ಈ ಲೇಖನವನ್ನು ಮುಗಿಸುವ ಮುನ್ನ ನಾವು ಕಾಕೂ ಅವರ ಮನೆಗೆ ಹೋಗಿ ಬಂದೆವು. ಅತ್ತೆಯವರ ಕಾಲದ ಆ ಸೀರೆಯನ್ನು ಕಿಟಕಿಯ ಬಳಿ ಹರಡಿ, ಸೆರಗಿನ ಗೆರೆಯನ್ನು ತೋರಿಸಿದೆವು. ಅವರು ಕನ್ನಡಕ ಏರಿಸಿಕೊಂಡು ಬೆರಳ ತುದಿಯಿಂದ ಒಂದೊಂದೇ ಕೊಂಡಿಯನ್ನು ಮುಟ್ಟುತ್ತ ಎಣಿಸತೊಡಗಿದರು. ಇಪ್ಪತ್ತರ ಆಚೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಆರಂಭಿಸಿದರು.